ಸರೋವರ ಮಗ್ಗುಲು ಬದಲಿಸುವ ಹೊತ್ತು

ಗಾಳದ ದಾರಕ್ಕೆ ಕಟ್ಟಿದ ಬೆಂಡು ಮುಳುಗಲಿಲ್ಲ. ನೆಟ್ಟಗೆ ನಿಂತಿದ್ದದ್ದು ಒಂಚೂರು ಮೇಲೆದ್ದು ನೀರಿನ ಮೇಲೆ ಅಡ್ಡ ಮಲಗಿತು. ಅಷ್ಟೇ. ಗಾಳಿಗೆ ಹೀಗಾಗಿರಬೇಕು ಅಂತ ಸುಮ್ಮನಿದ್ದಿದ್ದರೆ ಮೀನು ಕೈತಪ್ಪುತ್ತಿತ್ತು. ಕೋಲಿನ ತುದಿಯನ್ನು ಮೆಲ್ಲಗೆ ಎತ್ತಿದೆ. ದಾರ ಬಿಗಿಯಾಯಿತು. ಅಂಗೈ ಅಗಲದ ಮೀನೊಂದು ನೀರಿನೊಳಗೆ ಸುತ್ತು ಹೊಡೆಯತೊಡಗಿತು.

ಇದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರು. ಎದುರಿಗೆ ಮೆಂಡೋಟ ಸರೋವರ. ಅಕ್ಟೋಬರ್ ತಿಂಗಳು, ದಡದ ಮರಗಳೆಲ್ಲ ಕೆಂಪು, ಹಳದಿ. ಸಿಕ್ಕಿದ್ದು ಬ್ಲೂಗಿಲ್. ಚಪ್ಪಟೆ ಮೈ, ಕಿವಿರಿನ ಮುಚ್ಚಳದ ತುದಿಯಲ್ಲಿ ಕಪ್ಪು ಮಚ್ಚೆ, ಗಂಡಾದರೆ ಎದೆ ಕಿತ್ತಳೆ ಬಣ್ಣ. ಬ್ಲೂಗಿಲ್, ಕ್ರಾಪಿ, ಹಳದಿ ಪರ್ಚ್, ಇವನ್ನೆಲ್ಲ ಸೇರಿಸಿ ಇಲ್ಲಿ ಪ್ಯಾನ್‌ಫಿಶ್ ಅನ್ನುತ್ತಾರೆ. ಕಾವಲಿಯಲ್ಲಿ ಇಡಿಯಾಗಿ ಹಿಡಿಸುವ ಮೀನು ಅಂತ.

ಇವನ್ನು ಹಿಡಿಯುವ ಸಾಮಾನು ತೀರಾ ಹಗುರ. ಐದಾರು ಅಡಿಯ ಬಳುಕುವ ಕೋಲು. ನಮ್ಮ ಕಡೆ ತಂಗೂಸಿ ಅಂತೀವಲ್ಲ, ಆ ನೈಲಾನ್ ದಾರ. ದಪ್ಪ 0.2 ಮಿಲಿಮೀಟರ್ ಆಸುಪಾಸು. ತುದಿಗೆ ಜಿಗ್, ಅಂದರೆ ಕುತ್ತಿಗೆಯಲ್ಲಿ ಪುಟ್ಟ ಲೋಹದ ಗುಂಡು ಇರುವ ಕೊಕ್ಕೆ. ಈ ಜಿಗ್ಗಿನ ತೂಕ ಒಂದು ಗ್ರಾಂ ಕೂಡ ಇಲ್ಲ. ಇಷ್ಟು ಹಗುರ ಯಾಕೆ ಬೇಕು? ಮೊದಮೊದಲು ನಾನು ಇದನ್ನು ಬರೀ ಶೋಕಿ ಅಂದುಕೊಂಡಿದ್ದೆ. ಹಾಗಲ್ಲ. ಉತ್ತರ ಮೀನಿನ ಬಾಯಲ್ಲೇ ಇದೆ.

ಬ್ಲೂಗಿಲ್ ಕಚ್ಚಿ ತಿನ್ನುವ ಮೀನಲ್ಲ, ಹೀರುವ ಮೀನು. ಹುಳದ ಹತ್ತಿರ ಬಂದು ತಟ್ಟನೆ ಬಾಯಿ ತೆರೆಯುತ್ತದೆ. ಬಾಯಿಯ ಒಳಗಿನ ಜಾಗ ಒಮ್ಮೆಲೇ ದೊಡ್ಡದಾಗಿ ಒತ್ತಡ ಕುಸಿಯುತ್ತದೆ. ನೀರು ಒಳಗೆ ನುಗ್ಗುತ್ತದೆ, ಜೊತೆಗೆ ಹುಳವೂ. ಎಲ್ಲ ಮುಗಿಯುವುದು ಸೆಕೆಂಡಿನ ನೂರರಲ್ಲಿ ಕೆಲವೇ ಪಾಲಿನಲ್ಲಿ. ಆದರೆ ಈ ಸೆಳೆತ ದೂರಕ್ಕೆ ಮುಟ್ಟುವುದಿಲ್ಲ. ಬಾಯಿ ಎಷ್ಟು ಅಗಲವೋ ಹೆಚ್ಚುಕಮ್ಮಿ ಅಷ್ಟೇ ದೂರ. ಬ್ಲೂಗಿಲ್ ಬಾಯಿಯೋ ಒಂದು ಬಟನ್ನಿನಷ್ಟು! ಕೊಕ್ಕೆ ಭಾರವಾಗಿದ್ದರೆ, ದಾರ ದಪ್ಪವಾಗಿ ಸೆಟೆದುಕೊಂಡಿದ್ದರೆ, ನೀರು ಮಾತ್ರ ಒಳಗೆ ಹೋಗುತ್ತದೆ, ಕೊಕ್ಕೆ ಹೊರಗೇ ಉಳಿಯುತ್ತದೆ. ಬೇಸಿಗೆಯಲ್ಲಾದರೆ ಮೀನು ಮತ್ತೆ ಮತ್ತೆ ಬಂದು ನೋಡುತ್ತದೆ. ಚಳಿ ಏರಿದ ಮೇಲೆ ಅಷ್ಟು ಹುರುಪು ಇರುವುದಿಲ್ಲ. ಮೀನಿನ ಮೈ ನೀರಿನಷ್ಟೇ ತಣ್ಣಗಾಗುತ್ತದೆ, ಅಲ್ವಾ? ನೀರಿನ ಬಿಸಿ 10 ಡಿಗ್ರಿ ಇಳಿದರೆ ಅದರ ಮೈಯೊಳಗಿನ ಕೆಲಸಗಳ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಸಿವೂ ಕಮ್ಮಿ, ಓಡಾಟವೂ ಕಮ್ಮಿ. ನಿಂತಲ್ಲೇ ಹೀರಿ, ಒಂಚೂರು ಮೇಲೇಳುತ್ತದೆ. ಬೆಂಡನ್ನು ನೆಟ್ಟಗೆ ನಿಲ್ಲಿಸಿದ್ದು ಜಿಗ್ಗಿನ ಭಾರ. ಆ ಭಾರವನ್ನು ಮೀನು ಎತ್ತಿಕೊಂಡಾಗ ಬೆಂಡು ಮಲಗದೆ ಇನ್ನೇನು ಮಾಡೀತು?

ಮೀನು ಹೇಗೆ ತಿನ್ನುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಆಯಿತು. ಎಲ್ಲಿದೆ ಅನ್ನುವುದು ಇನ್ನರ್ಧ. ಶರತ್ಕಾಲದಲ್ಲಿ ಅದನ್ನು ತೀರ್ಮಾನಿಸುವುದು ಮೀನಲ್ಲ, ಸರೋವರ.

ಮೆಂಡೋಟ ಸುಮಾರು 25 ಮೀಟರ್ ಆಳ ಇದೆ. ಬೇಸಿಗೆಯಲ್ಲಿ ಇದು ಒಂದೇ ಸರೋವರ ಅಲ್ಲ, ಒಂದರ ಮೇಲೊಂದು ಕೂತ ಎರಡು ಸರೋವರ. ಮೇಲೆ 24-25 ಡಿಗ್ರಿಯ ಬೆಚ್ಚನೆಯ ನೀರು. ತಳದಲ್ಲಿ 12 ಡಿಗ್ರಿ ಆಸುಪಾಸಿನ ತಣ್ಣೀರು. ನಡುವೆ ಬಿಸಿ ತಟಕ್ಕನೆ ಇಳಿಯುವ ತೆಳು ಪದರ. ಅದಕ್ಕೆ ಥರ್ಮೋಕ್ಲೈನ್ ಅಂತ ಹೆಸರಿಟ್ಟವರು ಇದೇ ಸರೋವರವನ್ನು 1890ರ ದಶಕದಲ್ಲಿ ಅಳೆದ ಎಡ್ವರ್ಡ್ ಬರ್ಜ್. ಮುಂದೆ ಇಲ್ಲಿನ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆದರು. ಅವರು ಆಳದ ಮಟ್ಟ ಮಟ್ಟಕ್ಕೆ ಥರ್ಮಾಮೀಟರ್ ಇಳಿಸಿ ಅಳೆದದ್ದನ್ನು ನೆನೆದರೆ ನನಗೆ ಈಗಲೂ ಗೌರವ ಉಕ್ಕುತ್ತದೆ. ನಾವು ದಾರ ಇಳಿಸಿ ಹುಡುಕುವುದೂ ಅದನ್ನೇ ತಾನೆ!

ಈ ಎರಡು ನೀರಿನ ತೂಕದ ವ್ಯತ್ಯಾಸ ಎಷ್ಟು ಗೊತ್ತೆ? ಒಂದು ಘನ ಮೀಟರಿಗೆ, ಅಂದರೆ ಸಾವಿರ ಲೀಟರಿಗೆ, ಬರೀ ಎರಡು-ಎರಡೂವರೆ ಕಿಲೋ. ಅಷ್ಟರಿಂದಲೇ ಬೇಸಿಗೆಯ ಗಾಳಿಗೆಲ್ಲ ಜಗ್ಗದೆ ಎರಡೂ ಬೇರೆ ಬೇರೆ ನಿಲ್ಲುತ್ತವೆ. ಮೇಲಿನ ಗಾಳಿ ತಳಕ್ಕೆ ಮುಟ್ಟುವುದಿಲ್ಲ. ಸತ್ತ ಪಾಚಿ, ಎಲೆ ಎಲ್ಲ ತಳ ಸೇರಿ ಕೊಳೆಯುತ್ತದೆ, ಅಲ್ಲಿದ್ದ ಆಮ್ಲಜನಕ ತೀರಿಹೋಗುತ್ತದೆ. ಆಗಸ್ಟಿನಲ್ಲಿ 15 ಮೀಟರ್ ಆಳಕ್ಕೆ ಗಾಳ ಬಿಟ್ಟರೆ ವ್ಯರ್ಥ. ಅಲ್ಲಿ ಮೀನಿಗೆ ಉಸಿರೇ ಇಲ್ಲ.

ಸೆಪ್ಟೆಂಬರಿನಿಂದ ಮೇಲಿನ ನೀರು ತಣಿಯತೊಡಗುತ್ತದೆ. ತಣಿದ ನೀರು ಭಾರವಾಗಿ ಕೆಳಗಿಳಿಯುತ್ತದೆ, ಇನ್ನಷ್ಟು ನೀರು ಮೇಲೆ ಬಂದು ತಣಿಯುತ್ತದೆ. ಮೇಲಿನ ಪದರ ದಪ್ಪವಾಗುತ್ತ, ಕೆಳಗಿನದನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತ ಹೋಗುತ್ತದೆ. ಒಂದು ದಿನ ಎರಡರ ಬಿಸಿಯೂ ಒಂದೇ ಆಗುತ್ತದೆ. ಆಗ ಜೋರು ಗಾಳಿ ಬೀಸಿದರೆ ಸಾಕು, ಸರೋವರ ಇಡಿಯಾಗಿ ಮಗ್ಗುಲು ಬದಲಿಸುತ್ತದೆ. ಇದಕ್ಕೆ ನೀರು 4 ಡಿಗ್ರಿಗೆ ಇಳಿಯಬೇಕು ಅಂತ ಎಷ್ಟೋ ಜನ ತಿಳಿದಿರುತ್ತಾರೆ. ಬೇಕಿಲ್ಲ. 4 ಡಿಗ್ರಿಯಲ್ಲಿ ನೀರು ಅತಿ ಭಾರ ಅನ್ನುವುದು ನಿಜ. ಆದರೆ ಮಗ್ಗುಲು ಬದಲಿಸಲು ಮೇಲೂ ಕೆಳಗೂ ಒಂದೇ ಬಿಸಿ ಇದ್ದರಾಯಿತು. ಹೀಗೆ ಕಲಸಿಕೊಳ್ಳುವುದು 4 ಡಿಗ್ರಿ ತಲುಪುವವರೆಗೂ ನಡೆದೇ ಇರುತ್ತದೆ.

ಆ ದಿನಗಳಲ್ಲಿ ನೀರು ಕದಡಿರುತ್ತದೆ. ತಳದಿಂದ ಹರಿದ ಎಲೆ, ಕೊಳೆತ ಗಿಡದ ಚೂರು ಎದ್ದು ಬರುತ್ತವೆ. ಕೆಲವು ಸರೋವರಗಳಲ್ಲಿ ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಅದು ತಳದಲ್ಲಿ ಕೂಡಿಟ್ಟ ಹೈಡ್ರೋಜನ್ ಸಲ್ಫೈಡ್. ಮೀನು ಚದುರಿಹೋಗುತ್ತದೆ. ಅಂಥ ವಾರ ನಾನು ಪಕ್ಕದ ವಿಂಗ್ರಾ ಸರೋವರಕ್ಕೆ ಹೋಗುತ್ತೇನೆ. ಅದು ಆಳವಿಲ್ಲದ್ದು, ಬೇಸಿಗೆಯುದ್ದಕ್ಕೂ ಗಾಳಿಗೆ ಕಲಸಿಕೊಂಡೇ ಇರುತ್ತದೆ. ವಾರ ಕಳೆದ ಮೇಲೆ ಮೆಂಡೋಟಕ್ಕೆ ವಾಪಸ್. ಅಷ್ಟರಲ್ಲಿ ಆಮ್ಲಜನಕ ತಳದವರೆಗೂ ಇಳಿದಿರುತ್ತದೆ. ಮುಚ್ಚಿದ್ದ ಮನೆಯ ಬಾಗಿಲು ತೆರೆದ ಹಾಗೆ.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಎಲ್ಲ ಮೀನೂ ಹೊರಗೆ ಬರುವುದಿಲ್ಲ. 1983ರಲ್ಲಿ ಜೀವವಿಜ್ಞಾನಿ ಅರ್ಲ್ ವರ್ನರ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗವೊಂದು ನನಗೆ ತುಂಬಾ ಇಷ್ಟ. ಒಂದು ಹೊಂಡವನ್ನು ಎರಡು ಪಾಲು ಮಾಡಿ ಎರಡರಲ್ಲೂ ಬೇರೆ ಬೇರೆ ಗಾತ್ರದ ಬ್ಲೂಗಿಲ್ ಬಿಟ್ಟರು. ಒಂದು ಪಾಲಿಗೆ ಮಾತ್ರ ಬ್ಲೂಗಿಲ್‌ಗಳನ್ನು ತಿನ್ನುವ ಬಾಸ್ ಮೀನು. ಬಾಸ್ ಇದ್ದ ಕಡೆ ಸಣ್ಣ ಬ್ಲೂಗಿಲ್‌ಗಳು ಹೊರಗೆ ಒಳ್ಳೆ ಆಹಾರ ಇದ್ದರೂ ನೀರುಗಿಡಗಳ ಮರೆಯಲ್ಲೇ ಉಳಿದವು. ಕಮ್ಮಿ ತಿಂದವು, ಕಮ್ಮಿ ಬೆಳೆದವು. ಬಾಸ್ ಬಾಯಿಗೆ ಹಿಡಿಸದಷ್ಟು ದೊಡ್ಡವು ಮಾತ್ರ ಬಾಸ್ ಇಲ್ಲವೇ ಇಲ್ಲ ಅನ್ನುವಂತೆ ಓಡಾಡಿಕೊಂಡಿದ್ದವು.

ಶರತ್ಕಾಲದಲ್ಲಿ ಆ ಗಿಡಗಳೇ ಸಾಯುತ್ತವೆ. ಕಂದು ಬಣ್ಣಕ್ಕೆ ತಿರುಗಿ ಕುಸಿದ ಗಿಡದಲ್ಲಿ ಮರೆಯೂ ಇಲ್ಲ, ಕೊಳೆಯುವಾಗ ಅದು ಆಮ್ಲಜನಕವನ್ನೂ ತಿನ್ನುತ್ತದೆ. ಹಾಗಾಗಿ ನಾನು ಹುಡುಕುವುದು ಇನ್ನೂ ಹಸಿರಾಗಿರುವ ಗಿಡದ ಅಂಚು, ಅದರಲ್ಲೂ ಆಳಕ್ಕೆ ತಾಗಿದ ಅಂಚು. ಜಿಗ್ಗಿಗೆ ಸಿಕ್ಕಿ ಬಂದ ಎಲೆ ಹಸಿರಾಗಿದ್ದರೆ ಅಲ್ಲೇ ನಿಲ್ಲುತ್ತೇನೆ. ಕಂದಾಗಿದ್ದರೆ ಮುಂದೆ. ಸಣ್ಣವು ಗಿಡದ ಒಳಗೆ, ದೊಡ್ಡವು ಸ್ವಲ್ಪ ಹೊರಗೆ, ಸ್ವಲ್ಪ ಕೆಳಗೆ.

ದೊಡ್ಡವು ಗುಂಪಾಗಿ ಸಿಗುತ್ತವೆ, ಆಸೆ ಹುಟ್ಟುವುದೂ ಆಗಲೇ. ಆದರೆ ದೊಡ್ಡ ಗಂಡುಗಳನ್ನೇ ಆರಿಸಿ ಒಯ್ದರೆ ಸರೋವರ ಹಾಳಾಗುತ್ತದೆ. ಮೊಟ್ಟೆಗೆ ಗುಂಡಿ ತೋಡಿ, ಮರಿ ಈಜುವವರೆಗೆ ಕಾಯುವುದು ಅವೇ. ಅವು ಇಲ್ಲದಾದರೆ ಎಳೆಯ ಗಂಡುಗಳು ಬೆಳೆಯುವುದನ್ನು ಬಿಟ್ಟು ಸಣ್ಣದರಲ್ಲೇ ಮರಿ ಮಾಡಲು ಇಳಿಯುತ್ತವೆ. ಕೊನೆಗೆ ಬೆರಳುದ್ದದ ಮೀನುಗಳೇ ತುಂಬಿಕೊಳ್ಳುತ್ತವೆ. ಪಕ್ಕದ ಮಿನ್ನೆಸೋಟದಲ್ಲಿ ಇದನ್ನು ಗಮನಿಸಿಯೇ, ಆಯ್ದ ಸರೋವರಗಳಲ್ಲಿ ದಿನಕ್ಕೆ 20 ಇದ್ದ ಮಿತಿಯನ್ನು 10ಕ್ಕೆ, ಕೆಲವೆಡೆ 5ಕ್ಕೆ ಇಳಿಸಿದರು.

ಬೆಂಡು ಮಲಗಿಸಿದ ಆ ಮೀನೂ ಗಂಡೇ. ಕಿತ್ತಳೆ ಎದೆ, ದಪ್ಪ ನೆತ್ತಿ, ಅಳೆದರೆ 23 ಸೆಂಟಿಮೀಟರ್. ಕೈ ಒದ್ದೆ ಮಾಡಿಕೊಂಡು ಹಿಡಿದೆ, ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಕೊಕ್ಕೆ ಮೇಲ್ದುಟಿಯಲ್ಲಿ ಚರ್ಮಕ್ಕಷ್ಟೇ ಸಿಕ್ಕಿತ್ತು. ಬಿಡಿಸಿ ನೀರಿನಲ್ಲಿ ಹಿಡಿದುಕೊಂಡೆ. ಎರಡು ಸಲ ಕಿವಿರು ಆಡಿಸಿತು, ಬಾಲ ಬೀಸಿ ನನ್ನ ಮುಖಕ್ಕೆ ನೀರೆರಚಿ, ಹಸಿರು ಗಿಡದ ಅಂಚಿನ ಕಡೆ ಇಳಿದುಹೋಯಿತು.