ಪಟ್ಟಿ ಯಾರ ಕೈಯಲ್ಲಿ? ಯುದ್ಧ ಸಂತ್ರಸ್ತರಿಗೆ ವಿದೇಶಿ ನೆರವು: ಅಧ್ಯಯನ ಟಿಪ್ಪಣಿ

ಹೋದ ಭಾನುವಾರ ಬಾಗಲಕೋಟೆಯಲ್ಲಿ ನಾವು ಐದಾರು ಜನ ಓದಲು ಕೂತಾಗ ಒಂದು ಪ್ರಶ್ನೆ ಬಂತು. ಯುದ್ಧದಿಂದ ಊರು ಬಿಟ್ಟವರ ಹೆಸರಿನಲ್ಲಿ ಬೇರೆ ದೇಶ ಕೊಡುವ ನೆರವಿನಲ್ಲಿ ಶಸ್ತ್ರ ಎಷ್ಟಿರಬೇಕು, ಅನ್ನ ಎಷ್ಟಿರಬೇಕು? ಜಾಸ್ತಿ ಜನ ‘ಎರಡೂ ಸಮ’ ಅಂತ ಬರೆದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ನೆರವು ಪಡೆಯುವವರ ಪಟ್ಟಿ ಯಾರ ಕೈಯಲ್ಲಿದೆ ಅನ್ನುವುದೇ ನನಗೆ ಮುಖ್ಯ.

ಮೊದಲು ಪದಗಳು. ಗಡಿ ದಾಟಿದವರು ನಿರಾಶ್ರಿತರು. ಅವರಿಗೆ 1951ರ ಒಪ್ಪಂದವಿದೆ (ಭಾರತ ಸಹಿ ಹಾಕಿಲ್ಲ, ನೆನಪಿರಲಿ). ತಮ್ಮ ದೇಶದೊಳಗೇ ಅಲೆಯುವವರು ಆಂತರಿಕ ಸ್ಥಳಾಂತರಿತರು. ಜಗತ್ತಿನ ಮಟ್ಟದಲ್ಲಿ ಅವರಿಗಿರುವುದು 1998ರ ಮಾರ್ಗದರ್ಶಿ ತತ್ವಗಳು ಮಾತ್ರ, ಒಪ್ಪಂದವಲ್ಲ. 2024ರ ಕೊನೆಗೆ ಇಬ್ಬರೂ, ಆಶ್ರಯ ಕೋರಿ ಕಾಯುತ್ತಿದ್ದವರೂ ಸೇರಿ 12 ಕೋಟಿಗೂ ಹೆಚ್ಚು. ಅರ್ಧಕ್ಕಿಂತ ಜಾಸ್ತಿ ಜನ ಗಡಿ ದಾಟದವರೇ.

ಈಗ ನೆರವು. ವಿಶ್ವಸಂಸ್ಥೆಯ 1991ರ 46/182 ನಿರ್ಣಯದ ಪ್ರಕಾರ ಮಾನವೀಯ ನೆರವು ತಟಸ್ಥವಾಗಿರಬೇಕು, ಪಕ್ಷಪಾತ ಇರಬಾರದು. ಸೈನಿಕ ನೆರವು ಹುಟ್ಟುವುದೇ ಒಂದು ಪಕ್ಷ ಹಿಡಿದು. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಲೆಕ್ಕದಲ್ಲೂ ಶಸ್ತ್ರ ಕೊಟ್ಟಿದ್ದು ಅಭಿವೃದ್ಧಿ ನೆರವು ಅನಿಸಿಕೊಳ್ಳುವುದಿಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದು?

ಎರಡೂ ಒಂದೇ ಕೈಯಿಂದ ಬಂದರೆ ಏನಾಗುತ್ತದೆ ನೋಡಿ. 2001ರ ಅಕ್ಟೋಬರ್‌ನಲ್ಲಿ ಅಮೆರಿಕದ ವಿಮಾನಗಳು ಅಫ್ಘಾನಿಸ್ತಾನದ ಮೇಲೆ ಆಹಾರದ ಪೊಟ್ಟಣ ಉದುರಿಸಿದವು. ಅವೇ ದಿನಗಳಲ್ಲಿ, ಒಳಗಿಂದ ಹಲವು ಮರಿಬಾಂಬ್ ಚೆಲ್ಲುವ ಕ್ಲಸ್ಟರ್ ಬಾಂಬ್‌ಗಳನ್ನೂ ಹಾಕಿದವು. ಪೊಟ್ಟಣದ ಬಣ್ಣ ಹಳದಿ. ನೆಲಕ್ಕೆ ಬಿದ್ದೂ ಸಿಡಿಯದೆ ಉಳಿದ ಮರಿಬಾಂಬ್‌ಗಳ ಬಣ್ಣವೂ ಹಳದಿ! ಹಸಿದ ಮಗು ಹೊಲದಲ್ಲಿ ಹಳದಿ ವಸ್ತು ಕಂಡರೆ ಯಾವುದೆಂದು ಹೇಗೆ ಗುರುತಿಸಬೇಕು? ರೇಡಿಯೊದಲ್ಲಿ ಎಚ್ಚರಿಕೆ ಕೊಟ್ಟರು, ಆಮೇಲೆ ಪೊಟ್ಟಣದ ಬಣ್ಣ ಬದಲಿಸಿದರು. ಇದನ್ನು ಓದಿದ ದಿನ ನನಗೆ ಪುಸ್ತಕ ಮುಂದಕ್ಕೆ ಓದಲಾಗಲಿಲ್ಲ.

ಆದರೆ ಸೈನ್ಯವನ್ನು ದೂರ ಇಟ್ಟರೆ ಸಾಕೇ? ಸಾಲದು. 1994ರಲ್ಲಿ ರುವಾಂಡಾದಿಂದ ಲಕ್ಷಾಂತರ ಜನ ಆಗಿನ ಜೈರ್‌ನ (ಈಗಿನ ಡೆಮಾಕ್ರಟಿಕ್ ಕಾಂಗೊ) ಗೋಮಾಕ್ಕೆ ಓಡಿದರು. ರುವಾಂಡಾದಲ್ಲಿ ತುತ್ಸಿ ಜನರ ನರಮೇಧ ಮಾಡಿದ ಗುಂಪುಗಳೂ ಅವರೊಂದಿಗೇ ಬಂದು ಶಿಬಿರಗಳ ಯಜಮಾನಿಕೆ ಹಿಡಿದವು. ಪಟ್ಟಿಯಲ್ಲಿ ತಲೆಗಳ ಲೆಕ್ಕ ಹೆಚ್ಚಿಸಿ ರೇಷನ್ ಎತ್ತಿದವು. ಅವರ ಶಸ್ತ್ರ ಬಿಡಿಸಲು ಪಡೆ ಕಳಿಸುವುದಕ್ಕೆ ದೇಶಗಳು ಹಿಂದೇಟು ಹಾಕಿದವು. ಆ ನವೆಂಬರ್‌ನಲ್ಲಿ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಯ ಫ್ರೆಂಚ್ ವಿಭಾಗ, ನೆರವು ಹಂತಕರ ಕೈ ಸೇರುತ್ತಿದೆಯೆಂದು ಶಿಬಿರ ಬಿಟ್ಟು ಹೊರಟಿತು.

ಇಲ್ಲಿ ಬಾಗಲಕೋಟೆಯವರಿಗೆ ಒಂದು ವಿಷಯ ಬೇಗ ಹೊಳೆಯುತ್ತದೆ. ಆಲಮಟ್ಟಿ ಹಿನ್ನೀರಿಗೆ ಊರಿನ ಭಾಗ ಮುಳುಗಿ ನವನಗರ ಎದ್ದಿದ್ದನ್ನು ಕಂಡವರು ನಾವು. ಅದು ಯುದ್ಧವಲ್ಲ, ಹೋಲಿಕೆ ಎಳೆಯಬಾರದು. ಆದರೂ ನಮ್ಮಜ್ಜಿ ಮುಳುಗಡೆಯ ಕಾಗದಗಳನ್ನು ಇಂದಿಗೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದಾಳೆ. ‘ಪಟ್ಟಿಯಾಗ ಹೆಸರಿದ್ರ ಮನಿ, ಇಲ್ಲಂದ್ರ ಇಲ್ಲ’ ಅಂತಾಳೆ. ಗೋಮಾದಲ್ಲೂ ಅಧಿಕಾರ ಇದ್ದಿದ್ದು ಪಟ್ಟಿಯಲ್ಲೇ. ಹಾಗಾಗಿ ನನ್ನ ಉತ್ತರ ಇಷ್ಟು: ಶೇಕಡಾ ಲೆಕ್ಕ ಬಿಡಿ. ಸೈನ್ಯ ದಾರಿ ಕಾಯಲಿ, ಸೇತುವೆ ಕಟ್ಟಲಿ, ಬೇರೆ ದಾರಿಯೇ ಇಲ್ಲದಿದ್ದರೆ ವಿಮಾನ ಕೊಡಲಿ. ಪಟ್ಟಿ ಮಾತ್ರ ಮುಟ್ಟಬಾರದು. ಬಂದೂಕು ಹಿಡಿದ ಯಾವ ಗುಂಪೂ ಮುಟ್ಟಬಾರದು.

ಇದಕ್ಕೆ ಎದುರು ನಿಲ್ಲುವ ಉದಾಹರಣೆ ನಮ್ಮದೇ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ (ಈಗಿನ ಬಾಂಗ್ಲಾದೇಶ) ಸುಮಾರು 1 ಕೋಟಿ ಜನ ಬಂದರು. ಭಾರತ ಅವರಿಗೆ ಊಟ ಹಾಕಿತು, ಅದೇ ಹೊತ್ತಿಗೆ ಪಾಕಿಸ್ತಾನದ ಸೈನ್ಯದ ವಿರುದ್ಧ ಹೋರಾಡುತ್ತಿದ್ದ ಅಲ್ಲಿಯವರ ಮುಕ್ತಿವಾಹಿನಿಗೆ ತರಬೇತಿಯನ್ನೂ ಕೊಟ್ಟಿತು. ಖರ್ಚಿಗೆಂದು ಅಂಚೆಯ ಮೇಲೆ 5 ಪೈಸೆಯ ಹೆಚ್ಚುವರಿ ಸ್ಟಾಂಪ್ ಬಂತು. ಡಿಸೆಂಬರ್‌ನಲ್ಲಿ ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಬಹುತೇಕರು ವಾಪಸ್ ಹೋದರು. ಬರೀ ರೇಷನ್‌ನಿಂದ ಅದು ಆಗುತ್ತಿರಲಿಲ್ಲ. ಅದಕ್ಕೇ ಸೈನಿಕ ನೆರವು ಯಾವಾಗಲೂ ತಪ್ಪು ಅಂತ ನಾನು ಬರೆಯುವುದಿಲ್ಲ.

ಮುಂದಿನ ಭಾನುವಾರಕ್ಕೆ, ಶ್ರೀಲಂಕಾದ ಅಂತರ್ಯುದ್ಧಕ್ಕೆ ಸಿಕ್ಕಿದ್ದ ಉತ್ತರದ ತಮಿಳು ಪ್ರದೇಶ ಜಾಫ್ನಾದ ಬಗ್ಗೆ ಓದಿಕೊಂಡು ಬನ್ನಿ. ಭಾರತ ದೋಣಿಯಲ್ಲಿ ಕಳಿಸಿದ ನೆರವನ್ನು ಶ್ರೀಲಂಕಾ ನೌಕಾಪಡೆ ತಡೆದು ವಾಪಸ್ ಕಳಿಸಿತ್ತು. 1987ರ ಜೂನ್ 4ರಂದು ನಮ್ಮ ಎಎನ್-32 ಸಾಗಣೆ ವಿಮಾನಗಳು ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಅಲ್ಲಿ ಮೇಲಿಂದ ಆಹಾರ ಉದುರಿಸಿದವು. ಎರಡು ತಿಂಗಳು ತುಂಬುವುದರೊಳಗೆ ನಮ್ಮ ಶಾಂತಿಪಾಲನಾ ಪಡೆಯೇ ಅಲ್ಲಿಗೆ ಇಳಿಯಿತು. ಆ ಆಹಾರ ಯಾವ ಬಗೆಯ ನೆರವು? 150 ಪದಗಳಲ್ಲಿ ಬರೆದು ತನ್ನಿ.