ನಲವತ್ತು ರೂಪಾಯಿ ಚೌಕಾಸಿಗೆ ಹೋದ ಸುಂಕದ ರಿಯಾಯಿತಿ

ವಿಯೆಟ್ನಾಂನಲ್ಲಿ ಜೋಡಿಸಿದ ಟೇಬಲ್ ಫ್ಯಾನೊಂದು ಚೆನ್ನೈ ಬಂದರಿಗೆ ಬಂದಿದೆ ಎಂದುಕೊಳ್ಳಿ. ಮೋಟರು ಚೀನಾದ್ದು, ರೆಕ್ಕೆಗಳೂ ಚೀನಾದ್ದೇ. ಹಾಗಾದರೆ ಫ್ಯಾನು ಯಾವ ದೇಶದ್ದು? ಗಾಳಿ ಬೀಸಿದರೆ ಸಾಕು ಅನ್ನುವವರಿಗೆ ಇದು ತಲೆಹರಟೆ ಪ್ರಶ್ನೆ. ಕಸ್ಟಮ್ಸ್‌ನವರಿಗೆ ಮಾತ್ರ ಸುಂಕ ಎಷ್ಟೆಂಬುದು ಈ ಉತ್ತರದ ಮೇಲೇ ನಿಂತಿದೆ.

ಭಾರತ ಮತ್ತು ಹತ್ತು ಆಸಿಯಾನ್ ದೇಶಗಳ (ವಿಯೆಟ್ನಾಂ ಕೂಡ ಇರುವ ಆಗ್ನೇಯ ಏಷ್ಯಾದ ಕೂಟ) ಸರಕು ಒಪ್ಪಂದಕ್ಕೆ ಸಹಿ ಬಿದ್ದದ್ದು 2009ರ ಆಗಸ್ಟ್ 13ರಂದು, ಬ್ಯಾಂಕಾಕ್‌ನಲ್ಲಿ. 2010ರ ಜನವರಿ 1ರಿಂದ ಮಲೇಷ್ಯಾ, ಸಿಂಗಪುರ, ಥಾಯ್ಲೆಂಡ್ ಜೊತೆ ಜಾರಿಗೆ ಬಂತು. ಉಳಿದವು ಆಮೇಲೆ ಸೇರಿಕೊಂಡವು. ಚರ್ಚೆಯೆಲ್ಲ ಸುಂಕ ಎಷ್ಟು ಇಳಿಯಿತು ಎಂಬುದರ ಸುತ್ತಲೇ ನಡೆಯುತ್ತದೆ. ಆದರೆ ರಿಯಾಯಿತಿ ಸಿಗುವುದು ಆಸಿಯಾನ್ ಬಂದರಿನಿಂದ ಹೊರಟ ಮಾಲಿಗಲ್ಲ, ಆಸಿಯಾನ್‌ನಲ್ಲಿ ಹುಟ್ಟಿದ ಮಾಲಿಗೆ.

ಗಿಡದಲ್ಲಿ ಬೆಳೆದದ್ದು, ಗಣಿಯಲ್ಲಿ ತೆಗೆದದ್ದು ಆದರೆ ಲೆಕ್ಕ ಸುಲಭ. ಹೊರಗಿನ ಬಿಡಿಭಾಗ ಸೇರಿದ್ದರೆ ಎರಡು ಪರೀಕ್ಷೆಗಳನ್ನೂ ದಾಟಬೇಕು. ಒಂದು, ಎಫ್‌ಒಬಿ ಬೆಲೆಯಲ್ಲಿ, ಅಂದರೆ ಹಡಗು ಹತ್ತಿಸುವವರೆಗಿನ ಬೆಲೆಯಲ್ಲಿ, ಕನಿಷ್ಠ ಶೇ 35 ಒಪ್ಪಂದದ ದೇಶಗಳದ್ದೇ ಆಗಿರಬೇಕು. ಎರಡು, ಹೊರಗಿನಿಂದ ತಂದ ಸಾಮಗ್ರಿಯ ಎಚ್‌ಎಸ್ ಕೋಡ್, ಅಂದರೆ ಕಸ್ಟಮ್ಸ್‌ನವರು ಸರಕನ್ನು ವರ್ಗೀಕರಿಸುವ ಸಂಖ್ಯೆ, ಸಿದ್ಧ ಮಾಲಿನಲ್ಲಿ ಆರು ಅಂಕಿಗಳ ಮಟ್ಟದಲ್ಲಿ ಬದಲಾಗಿರಬೇಕು.

ಮೊದಲನೆಯದು ಎಷ್ಟು ನಾಜೂಕು ನೋಡಿ. ಫ್ಯಾನಿನ ಎಫ್‌ಒಬಿ ಬೆಲೆ 1000 ರೂಪಾಯಿ, ಅದರಲ್ಲಿ ಚೀನಾ ಸಾಮಗ್ರಿ 640 ರೂಪಾಯಿಯದು. ಹೊರಗಿನದು ಶೇ 64, ಒಳಗಿನದು ಶೇ 36: ಪಾಸ್. ಕೊಳ್ಳುವವರು ಚೌಕಾಸಿ ಮಾಡಿ 40 ರೂಪಾಯಿ ಇಳಿಸಿದರು. ಕಾರ್ಖಾನೆಯಲ್ಲಿ ಒಂದು ಸ್ಕ್ರೂ ಕೂಡ ಬದಲಾಗಿಲ್ಲ. ಆದರೆ 640ನ್ನು 960ರಿಂದ ಭಾಗಿಸಿದರೆ ಶೇ 66.7, ಒಳಗಿನ ಪಾಲು ಶೇ 33.3. ಫೇಲ್! ಯುವಾನ್ ಬೆಲೆ ಏರಿದರೂ ಇದೇ ಗತಿ. ಅಂಚಿನಲ್ಲಿ ನಿಂತ ಲೆಕ್ಕವನ್ನು ನಂಬಿ ವರ್ಷದ ಆರ್ಡರ್ ಕೊಡುವುದು ಜಾಣತನವಲ್ಲ.

ಎರಡನೆಯದರಲ್ಲಿ ಬೇರೊಂದು ಬಲೆಯಿದೆ. ಮೋಟರಿನ ಕೋಡ್ 8501ರಿಂದ ಶುರುವಾಗುತ್ತದೆ, ಫ್ಯಾನಿನದು 8414.51; ಬದಲಾವಣೆ ಸ್ಪಷ್ಟ. ಆದರೆ ಇಡೀ ಫ್ಯಾನನ್ನು ಬಿಚ್ಚಿದ ಕಿಟ್ಟಾಗಿ ಚೀನಾದಿಂದ ತರಿಸಿದರೆ, ವರ್ಗೀಕರಣದ ನಿಯಮದಂತೆ ಕಿಟ್ಟೂ ಫ್ಯಾನೇ. ಜೋಡಿಸಿದರೂ ಕೋಡ್ ಬದಲಾಗದು. ಕಾಫಿಯಲ್ಲಿ ಇದರ ಉಲ್ಟಾ: ಹಸಿ ಬೀಜ 0901.11, ಹುರಿದದ್ದು 0901.21. ಹುರಿದ ಮಾತ್ರಕ್ಕೆ ಕೋಡ್ ಬದಲಾಯಿತು. ಶೇ 35 ಮಾತ್ರ ಬೇರೆಯಾಗಿ ತೋರಿಸಬೇಕು.

ಮಾಲಿನ ಜೊತೆ ರಫ್ತು ದೇಶದ ಅಧಿಕೃತ ಸಂಸ್ಥೆ ಕೊಟ್ಟ ‘ಫಾರ್ಮ್ ಎಐ’ ಪ್ರಮಾಣಪತ್ರ ಇರಬೇಕು. ಹಿಂದೆ ಆ ಕಾಗದ ತೋರಿಸಿದರೆ ಹೆಚ್ಚು ಕಡಿಮೆ ಕೆಲಸ ಮುಗಿಯುತ್ತಿತ್ತು. 2020ರ ಸೆಪ್ಟೆಂಬರ್ 21ರಿಂದ ಜಾರಿಯಾದ ‘ಕರೋಟಾರ್’, ಅಂದರೆ ಮಾಲಿನ ಮೂಲ ಪರಿಶೀಲಿಸುವ ಭಾರತದ ಕಸ್ಟಮ್ಸ್ ನಿಯಮಗಳು, ಹೊರೆಯನ್ನು ಆಮದುದಾರರ ತಲೆಗೆ ಹಾಕಿದವು. ಮಾಲು ಎಲ್ಲಿ, ಹೇಗೆ ತಯಾರಾಯಿತು, ಯಾವ ಪರೀಕ್ಷೆ ದಾಟಿತು ಎಂಬ ವಿವರವನ್ನು ಮೊದಲೇ ತರಿಸಿಕೊಂಡು ಐದು ವರ್ಷ ಇಟ್ಟುಕೊಳ್ಳಬೇಕು. ಕೇಳಿದರೆ ಹತ್ತು ಕೆಲಸದ ದಿನಗಳಲ್ಲಿ ಒಪ್ಪಿಸಬೇಕು. ಎಡವುವುದು ಇಲ್ಲೇ. ಮಾರಿದವರಿಗೆ ತಮ್ಮ ವೆಚ್ಚದ ಗುಟ್ಟು ಬಿಟ್ಟುಕೊಡಲು ಮನಸ್ಸಿರುವುದಿಲ್ಲ, ದುಡ್ಡು ಕೈಸೇರಿದ ಮೇಲಂತೂ ಕೇಳಲೇಬೇಡಿ. ಈ ವಿವರ ಕೊಡಬೇಕೆಂಬ ಷರತ್ತು ಖರೀದಿ ಕರಾರಿನಲ್ಲೇ ಇರಬೇಕು.

ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಈ ಒಪ್ಪಂದವೆಂದರೆ ಕಾಫಿ, ಕರಿಮೆಣಸು. ಭಾರತ ಇವನ್ನು ಚಹಾ, ತಾಳೆ ಎಣ್ಣೆಯೊಂದಿಗೆ ‘ವಿಶೇಷ ಉತ್ಪನ್ನ’ ಪಟ್ಟಿಗೆ ಸೇರಿಸಿ, ಸುಂಕ ನಿಧಾನವಾಗಿ ಇಳಿಯುವಂತೆ ನೋಡಿಕೊಂಡಿತು: 2019ರ ಕೊನೆಗೆ ಕಾಫಿಗೆ ಶೇ 100ರಿಂದ 45, ಮೆಣಸಿಗೆ ಶೇ 70ರಿಂದ 50. ಅಗ್ಗದ ಮೆಣಸು ನುಗ್ಗದಂತೆ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆಯನ್ನೂ ಗೊತ್ತುಮಾಡಿತು.

ಆದರೂ ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಲ್ಲಿ ಬರುತ್ತಿದೆ ಎಂಬ ದೂರು ನಿಲ್ಲಲಿಲ್ಲ. ಕಾರಣ ಸರಳ ಗಣಿತ. ಶ್ರೀಲಂಕಾ ಆಸಿಯಾನ್‌ನಲ್ಲಿಲ್ಲ, ದಕ್ಷಿಣ ಏಷ್ಯಾ ದೇಶಗಳ ಸಾಫ್ಟಾ ವ್ಯಾಪಾರ ಒಪ್ಪಂದದಡಿ ಅಲ್ಲಿನ ಮೆಣಸಿಗೆ ಸುಂಕ ಶೇ 8. ಇನ್‌ವಾಯ್ಸ್‌ನಲ್ಲಿ ಕಿಲೋಗೆ 500 ರೂಪಾಯಿ ಎಂದಿದ್ದರೆ, ವಿಯೆಟ್ನಾಂ ಮೆಣಸಿಗೆ 250 ರೂಪಾಯಿ ಸುಂಕ, ಶ್ರೀಲಂಕಾದ್ದಕ್ಕೆ 40. ಕಾಳು ಅದೇ ಕಪ್ಪು, ಅದೇ ಸುಕ್ಕು. ಮೂಲದ ಕಾಗದದಲ್ಲಿ ದೇಶದ ಹೆಸರು ಬದಲಾದರೆ ಕಿಲೋಗೆ 210 ರೂಪಾಯಿ, ಹತ್ತು ಟನ್ನಿಗೆ 21 ಲಕ್ಷ.