ಇಎಸ್‌ಸಿ ಮೇಲೆ 60 ಆಂಪಿಯರ್ ಅಂತಿದ್ದರೆ ಅಷ್ಟಕ್ಕೇ ನಿಲ್ಲುತ್ತದಾ?

ಪ್ರಶ್ನೆ: ನನ್ನ ಆರ್‌ಸಿ (ರಿಮೋಟ್‌ನಿಂದ ಓಡಿಸುವ) ಕಾರಿಗೆ ಜಾಸ್ತಿ ಕೆವಿ (ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಅಳತೆ) ಇರುವ ಮೋಟಾರ್, ದೊಡ್ಡ ಪಿನಿಯನ್ (ಮೋಟಾರ್ ತುದಿಯ ಗೇರ್) ಹಾಕಿದ್ದೇನೆ. ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸ್ಪೀಡ್ ಕಂಟ್ರೋಲರ್) 60 ಆಂಪಿಯರ್‌ದು. ಅದಕ್ಕಿಂತ ಜಾಸ್ತಿ ಕರೆಂಟ್ ಅದು ಬಿಡೋದೇ ಇಲ್ಲ ಅಲ್ವಾ? ಮತ್ತೆ ಸುಡುವ ಭಯ ಯಾಕೆ?

ಬಿಡುತ್ತದೆ. ಮೋಟಾರ್ 100 ಆಂಪಿಯರ್ ಎಳೆದರೆ 100 ಬಿಡುತ್ತದೆ, ಸುಟ್ಟುಹೋಗುವವರೆಗೂ ಬಿಡುತ್ತದೆ. ಈ ಉತ್ತರ ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ಇನ್ನೊಮ್ಮೆ, ಬಿಡಿಸಿ ಹೇಳುತ್ತೇನೆ.

50 ಕಿಲೋ ತಡೆಯುವ ಹಗ್ಗಕ್ಕೆ 100 ಕಿಲೋ ಮೂಟೆ ಕಟ್ಟಿದರೆ ಹಗ್ಗ "ಬೇಡ" ಅನ್ನುವುದಿಲ್ಲ, ಹರಿಯುತ್ತದೆ. 60 ಆಂಪಿಯರ್ ಅನ್ನುವುದೂ ತಾಳಿಕೆಯ ಲೆಕ್ಕ, ಅದೂ ಗಾಳಿ ಚೆನ್ನಾಗಿ ಆಡುವಾಗ. ಎಷ್ಟು ಕರೆಂಟ್ ಹರಿಯಬೇಕು ಅನ್ನುವುದನ್ನು ತೀರ್ಮಾನಿಸುವುದು ಮೋಟಾರ್, ಗೇರ್, ಟೈರ್, ಕಾರಿನ ತೂಕ. ಪಕ್ಕದಲ್ಲಿ ಬರೆದಿರುವ ದೊಡ್ಡ "ಬರ್ಸ್ಟ್" ಸಂಖ್ಯೆ ಕ್ಷಣಮಾತ್ರದ್ದು. ಅದನ್ನು ನಂಬಿ ಮೋಟಾರ್ ಆರಿಸಬೇಡಿ.

ಬಿಸಿಯ ಲೆಕ್ಕ ನೋಡಿ. ಇಎಸ್‌ಸಿ ಒಳಗಿನ ಮಾಸ್‌ಫೆಟ್‌ಗಳ (ಕರೆಂಟ್ ಆನ್-ಆಫ್ ಮಾಡುವ ಚಿಪ್‌ಗಳ) ದಾರಿಯಲ್ಲಿ ಒಟ್ಟು 2 ಮಿಲಿಓಮ್ ತಡೆ ಇದೆ ಅಂದುಕೊಳ್ಳಿ. 60 ಆಂಪಿಯರ್ ಹರಿದರೆ ಸುಮಾರು 7 ವ್ಯಾಟ್ ಬಿಸಿ. 120 ಹರಿದರೆ 14 ಅಲ್ಲ, ಸುಮಾರು 29 ವ್ಯಾಟ್! ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. "ಸ್ವಲ್ಪ ಜಾಸ್ತಿ ಆದರೆ ಏನಾಗುತ್ತೆ" ಅನ್ನುವವರು ಮರೆಯುವುದು ಇದನ್ನೇ.

"ನನ್ನದರಲ್ಲಿ ಥರ್ಮಲ್ ಪ್ರೊಟೆಕ್ಷನ್ ಇದೆ" ಅಂತ ಕೂಡಲೇ ಇನ್ನೊಂದು ಮಾತು ಬರುತ್ತದೆ. ಇರಲಿ, ಒಳ್ಳೆಯದೇ. ಆದರೆ ಬಿಸಿ ಜಾಸ್ತಿಯಾದಾಗ ಇಎಸ್‌ಸಿಯನ್ನು ನಿಲ್ಲಿಸುವ ಆ ಸೆನ್ಸರ್ ನಿಧಾನವಾಗಿ ಏರುವ ಬಿಸಿಯನ್ನು ಹಿಡಿಯುತ್ತದೆ. ಚಕ್ರ ಕಲ್ಲಿಗೆ ಸಿಕ್ಕಿ ಮೋಟಾರ್ ತಿರುಗದೆ ನಿಂತಾಗ ಥ್ರಾಟಲ್ ಒತ್ತಿ ಹಿಡಿದರೆ, ಬೋರ್ಡ್ ಬಿಸಿಯಾಗುವ ಮೊದಲೇ ಮಾಸ್‌ಫೆಟ್ ಒಳಗಿನ ಚೂರು ಸಿಲಿಕಾನ್ ಹೋಗಿರುತ್ತದೆ. ಹಾಗೆ ಸತ್ತ ಒಂದನ್ನು ಬಿಚ್ಚಿ ನೋಡಿದ್ದೇನೆ. ಕಪ್ಪು ಚಿಪ್ಪಿನ ನಡುವೆ ಸಾಸಿವೆ ಕಾಳಿನಷ್ಟು ಕುಳಿ, ಸುತ್ತ ಮಸಿ. ಉಳಿದದ್ದೆಲ್ಲ ಹೊಸದರ ಹಾಗಿತ್ತು.

ವೋಲ್ಟೇಜ್ ಮಿತಿಯಂತೂ ಇನ್ನೂ ಕಟ್ಟುನಿಟ್ಟು. ಪೂರ್ತಿ ಚಾರ್ಜ್ ತುಂಬಿದ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯ ಒಂದು ಸೆಲ್ 4.2 ವೋಲ್ಟ್. ಹಾಗಾಗಿ 2ಎಸ್ (ಸಾಲಾಗಿ ಎರಡು ಸೆಲ್) ಅಂದರೆ 8.4, 3ಎಸ್ ಅಂದರೆ 12.6. ಬರೀ 2ಎಸ್‌ಗೆ ಮಾಡಿದ ಇಎಸ್‌ಸಿಗೆ 3ಎಸ್ ಹಾಕಲೇಬೇಡಿ. ಕರೆಂಟ್ ಮೀರಿದರೆ ಬಿಸಿಯಾದರೂ ಸುಳಿವು ಕೊಡುತ್ತದೆ. ವೋಲ್ಟೇಜ್ ಮೀರಿದರೆ ಕನೆಕ್ಟರ್ ಸಿಕ್ಕಿಸಿದ ಕೂಡಲೇ ಹೋಗಬಹುದು.

ನಿಮ್ಮ ಕಾರಿಗೆ ಈಗ ಮಾಡಬೇಕಾದ್ದು: ಚಿಕ್ಕ ಪಿನಿಯನ್‌ನಿಂದ ಶುರು ಮಾಡಿ. ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಇಎಸ್‌ಸಿ ಹೀಟ್‌ಸಿಂಕ್ ಮತ್ತು ಮೋಟಾರ್ ಎರಡನ್ನೂ ಜೋಪಾನವಾಗಿ ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿ ಇಲ್ಲದಿದ್ದರೆ ಒಂದೇ ಒಂದು ಹಲ್ಲು ಏರಿಸಿ, ಮತ್ತೆ ನೋಡಿ. ಟೈರ್ ದೊಡ್ಡದು ಮಾಡಿದರೂ ಗೇರ್ ಏರಿಸಿದ ಹಾಗೆಯೇ.

ನೀವು ಕೇಳಿಲ್ಲ, ಆದರೂ ಹೇಳಬೇಕು. "ಅರ್ಧ ಥ್ರಾಟಲ್‌ನಲ್ಲೇ ಓಡಿಸ್ತೀನಿ, ಇಎಸ್‌ಸಿ ತಣ್ಣಗಿರುತ್ತೆ" ಅನ್ನುವುದೂ ಪೂರ್ತಿ ನಿಜವಲ್ಲ. ಇಎಸ್‌ಸಿ ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡಿ ವೇಗ ತಗ್ಗಿಸುತ್ತದೆ. ಅರ್ಧ ಹೊತ್ತು ಆಫ್ ಇದ್ದಾಗಲೂ ಮೋಟಾರ್ ಸುರುಳಿಯ ಕರೆಂಟ್ ಇಎಸ್‌ಸಿ ಒಳಗೇ ಸುತ್ತುತ್ತಿರುತ್ತದೆ. ಬ್ಯಾಟರಿ ತಂತಿಯಲ್ಲಿ ಮೀಟರ್ 20 ಆಂಪಿಯರ್ ತೋರಿಸುವಾಗ ಮೋಟಾರ್ ತಂತಿಯಲ್ಲಿ ಹೆಚ್ಚುಕಡಿಮೆ 40 ಇರುತ್ತದೆ. ಎತ್ತರದ ಹುಲ್ಲಿನಲ್ಲಿ ಮೆಲ್ಲಗೆ ತೆವಳುವ ಕಾರು ಬಯಲಲ್ಲಿ ಜೋರಾಗಿ ಓಡುವ ಕಾರಿಗಿಂತ ಬೇಗ ಬಿಸಿಯಾಗುವುದು ಇದರಿಂದಲೇ. ಅಂಥ ಕಡೆ ಓಡಿಸುವುದಾದರೆ ಪಿನಿಯನ್ ಇನ್ನೂ ಎರಡು ಹಲ್ಲು ಇಳಿಸಿ.